ಬಳ್ಳಾರಿಯಿಂದ 14416ರವರೆಗೆ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಬರಹರೂಪ. ಆ ದಿನ ಕೇಳಲಾಗದ ಹಲವರು ಕೇಳಿದ್ದರಿಂದ ಇಲ್ಲಿ ಅಚ್ಚು ಮಾಡಿದ್ದೇವೆ.)

ನಮ್ಮ ಮೆಚ್ಚಿನ ಹಾಡುಗಳ ಕಾರ್ಯಕ್ರಮಕ್ಕೆ ನೀವೆಲ್ಲ ಫೋನ್ ಮಾಡುತ್ತೀರಿ. ಡೊಂಬಿವಲಿಯಿಂದ, ಘಾಟ್‌ಕೋಪರ್‌ನಿಂದ, ಮೀರಾ ರೋಡಿನಿಂದ. ಯಾರ ಹುಟ್ಟುಹಬ್ಬ, ಯಾವ ಚಿತ್ರ, ಯಾವ ಹಾಡು ಎಂದು ಬರೆದುಕೊಂಡು ಹೆಸರು ಓದುವುದು ನನ್ನ ಕೆಲಸ. ಕೆಲವು ತಿಂಗಳ ಹಿಂದೆ ಒಂದು ರಾತ್ರಿ, ಕಾರ್ಯಕ್ರಮ ಮುಗಿಯಲು ಐದಾರು ನಿಮಿಷ ಇದೆ ಎನ್ನುವಾಗ, ಒಬ್ಬ ಹುಡುಗನ ಕರೆ ಬಂತು. ಹೋಟೆಲಿನಲ್ಲಿ ಕೆಲಸ ಎಂದ. ಕುಂದಾಪುರದ ಕಡೆಯ ಮಾತು. ಯಾವ ಹಾಡು ಬೇಕಪ್ಪಾ ಎಂದು ಕೇಳಿದೆ. “ಹಾಡ್ ಬ್ಯಾಡ ಅಕ್ಕ, ನೀವ್ ಒಂಚೂರ್ ಮಾತಾಡಿ, ಸಾಕ್. ಹತ್ತ್ ದಿನ ಆಯ್ತ್, ನಿದ್ರಿ ಬತ್ತಿಲ್ಲೆ” ಎಂದ.

ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಗಾಜಿನ ಆಚೆಯಿಂದ ನಮ್ಮ ಎಂಜಿನಿಯರ್ ಸಮಯವಾಯಿತೆಂದು ಕೈಸನ್ನೆ ಮಾಡುತ್ತಿದ್ದರು. “ಊಟ ಸರಿಯಾಗಿ ಮಾಡಪ್ಪಾ, ನಾಳೆ ಮತ್ತೆ ಫೋನ್ ಮಾಡು, ಒಳ್ಳೆಯ ಹಾಡು ಹಾಕುತ್ತೇನೆ” ಎಂದು ಇಟ್ಟುಬಿಟ್ಟೆ. ಕಂಟ್ರೋಲ್ ರೂಮಿನಿಂದ ಹೊರಗೆ ಬಂದು ಲೋಕಲ್ ಹತ್ತಿದ ಮೇಲೆ ತಪ್ಪು ಮಾಡಿದೆ ಎನಿಸಿತು. ಇನ್ನೊಂದು ನಿಮಿಷ ಸಿಕ್ಕಿದ್ದರೂ ಅವನಿಗೆ ಎಲ್ಲಿಗೆ ಹೋಗು ಎಂದು ಹೇಳುತ್ತಿದ್ದೆ? ಅದು ನನಗೇ ಗೊತ್ತಿರಲಿಲ್ಲ. ಅವತ್ತಿನಿಂದ ಈ ವಿಷಯದ ಬಗ್ಗೆ ಓದತೊಡಗಿದೆ. ಇವತ್ತಿನ ಮಾತು ಅದರ ಫಲ. ನಾನು ವೈದ್ಯೆಯಲ್ಲ, ಕನ್ನಡ ಬಿ.ಎ. ಓದಿದವಳು. ಹಾಗಾಗಿ ಕಾಯಿಲೆಯ ಬಗ್ಗೆ ಹೇಳುವುದಿಲ್ಲ. ಜನರ ಮನಸ್ಸಿನ ಆರೋಗ್ಯಕ್ಕೆಂದು ನಮ್ಮ ಸರ್ಕಾರಗಳು ಏನು ಮಾಡಿವೆ, ಅದರಲ್ಲಿ ನಮ್ಮಂಥ ಪರಊರಿನವರ ಕೈಗೆ ಎಟಕುವುದು ಏನಿದೆ, ಇಷ್ಟನ್ನು ಮಾತ್ರ ಹೇಳುತ್ತೇನೆ.

ಬಹಳ ಕಾಲ ಸರ್ಕಾರ ಮಾಡಿದ್ದು ಒಂದೇ ಕೆಲಸ: ಗೋಡೆ ಕಟ್ಟಿಸಿದ್ದು. 1912ರ ಕಾನೂನಿನ ಹೆಸರೇ ಲೂನಸಿ ಆಕ್ಟ್. ಯಾರನ್ನು ಒಳಗೆ ಹಾಕಬೇಕು, ಯಾರ ಅಪ್ಪಣೆಯಿಂದ ಹಾಕಬೇಕು ಎಂಬುದೇ ಅದರ ಮುಖ್ಯ ಚಿಂತೆ. ನಮ್ಮ ಮಾತಿನಲ್ಲಿ ಅದರ ಗುರುತು ಇನ್ನೂ ಉಳಿದಿದೆ ನೋಡಿ. ಹುಬ್ಬಳ್ಳಿ, ಗದಗದ ಕಡೆ ಯಾರಾದರೂ ವಿಚಿತ್ರವಾಗಿ ಆಡಿದರೆ “ಇವನನ್ನ ಧಾರವಾಡಕ್ಕ ಕಳಸಬೇಕೇನು?” ಎನ್ನುತ್ತಾರೆ. ಇಲ್ಲಿ ಮುಂಬಯಿಯಲ್ಲಿ ಥಾಣೆ ಎನ್ನುತ್ತಾರೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಎನ್ನುತ್ತಾರೆ. ಊರು ಬದಲು, ಕುಚೋದ್ಯ ಅದೇ. ಆಸ್ಪತ್ರೆಯ ಹೆಸರನ್ನೇ ಬೈಗುಳ ಮಾಡಿಕೊಂಡ ಮೇಲೆ ಅದರ ಬಾಗಿಲಿಗೆ ಯಾರು ತಾವಾಗಿ ಹೋಗುತ್ತಾರೆ?

ಗೋಡೆಯೊಳಗೆ ಜಾಗವಾದರೂ ಎಷ್ಟಿತ್ತು? 1946ರಲ್ಲಿ ಭೋರ್ ಸಮಿತಿ ಲೆಕ್ಕ ಹಾಕಿದಾಗ ಇಡೀ ದೇಶದ ಮಾನಸಿಕ ಆಸ್ಪತ್ರೆಗಳಲ್ಲಿ ಇದ್ದದ್ದು ಸುಮಾರು 10,000 ಹಾಸಿಗೆ. ಸ್ವಾತಂತ್ರ್ಯ ಬಂದ ಮೇಲೆ ಎಷ್ಟೇ ಕಟ್ಟಿಸಿದರೂ, ಎಷ್ಟೇ ವೈದ್ಯರನ್ನು ತಯಾರು ಮಾಡಿದರೂ ಈ ದೇಶದ ಜನಸಂಖ್ಯೆಗೆ ಸಾಲುವುದಿಲ್ಲ ಎಂಬುದು ಬೇಗ ಗೊತ್ತಾಯಿತು. ಹಾಗಾದರೆ ಬೇರೆ ದಾರಿ ಏನು? ಆ ದಾರಿ ಹುಡುಕಿದ್ದರಲ್ಲಿ ನಮ್ಮ ಕನ್ನಡ ನಾಡಿನ ಪಾಲು ದೊಡ್ಡದು. ಇದು ನನಗೂ ಹೊಸ ವಿಷಯವಾಗಿತ್ತು.

ಕರಾವಳಿಯ ಕೇಳುಗರೇ, ಕೋಟದವರು ಯಾರಾದರೂ ಕೇಳುತ್ತಿದ್ದೀರಾ? ಕೋಚಿಂಗ್ ಕ್ಲಾಸಿನ ಕೋಟಾ ಅಲ್ಲ, ಬ್ರಹ್ಮಾವರ ದಾಟಿದರೆ ಸಿಗುವ ನಮ್ಮ ಕೋಟ. 1976ರಲ್ಲಿ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಪುಸ್ತಕ ಹೊರಬಂತು. ಬರೆದವರು ಮನೋವೈದ್ಯರಾದ ಜಿ. ಎಂ. ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್. ಆ ಊರಿನ ಬ್ರಾಹ್ಮಣರು, ಬಂಟರು, ಮೊಗೇರರು, ಈ ಮೂರು ಸಮುದಾಯದವರ ಮನೆಗಳಿಗೆ ಹೋಗಿ ಯಾರಿಗೆ ಏನು ಸಂಕಟ, ಅದಕ್ಕೆ ಯಾರ ಬಳಿ ಹೋಗುತ್ತಾರೆ ಎಂದು ವಿಚಾರಿಸಿ ಬರೆದದ್ದು. ಮನಸ್ಸಿನ ತೊಂದರೆಗೆ ಜನ ವೈದ್ಯರ ಬಳಿಯೂ ಹೋಗುತ್ತಾರೆ, ಮಂತ್ರವಾದಿಯ ಬಳಿಯೂ ಹೋಗುತ್ತಾರೆ, ಪಾತ್ರಿಯ ಬಳಿಯೂ ಹೋಗುತ್ತಾರೆ. ಒಂದನ್ನು ಬಿಟ್ಟು ಇನ್ನೊಂದು ಎಂದಲ್ಲ. ಹತ್ತಿರದಲ್ಲಿ ಯಾರಿದ್ದಾರೋ, ಮಾತು ಯಾರಿಗೆ ಅರ್ಥವಾಗುತ್ತದೋ ಅವರ ಬಳಿಗೆ ಹೋಗುತ್ತಾರೆ. ಇದು ಮೂಢನಂಬಿಕೆ ಎಂದು ಮೂಗು ಮುರಿಯುವವರು ನಮ್ಮಲ್ಲಿ ಬಹಳ. ನನಗೆ ಹಾಗೆ ಅನಿಸಲಿಲ್ಲ. ಸರ್ಕಾರದ ವೈದ್ಯರು ಅಷ್ಟು ಹತ್ತಿರದಲ್ಲಿ ಇರಲಿಲ್ಲ, ಅಷ್ಟೇ.

ಕಪೂರ್ ಅವರು ಮುಂದೆ ನಿಮ್ಹಾನ್ಸ್‌ಗೆ ಬಂದರು. 1975ರ ಹೊತ್ತಿಗೆ ಅಲ್ಲಿ ಸಮುದಾಯ ಮನೋವೈದ್ಯ ವಿಭಾಗ ಶುರುವಾಯಿತು. ಬನ್ನೇರುಘಟ್ಟದ ಬಳಿಯ ಸಕಲವಾರ ಎಂಬ ಹಳ್ಳಿಯಲ್ಲಿ ಒಂದು ಗ್ರಾಮೀಣ ಕೇಂದ್ರ ತೆರೆದರು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಚಂಡೀಗಢದ ವೈದ್ಯರು ಹರಿಯಾಣದ ರಾಯ್‌ಪುರ್ ರಾಣಿಯಲ್ಲಿ ಇಂಥದೇ ಕೆಲಸ ಹಿಡಿದಿದ್ದರು. ಎರಡೂ ಕಡೆ ಪ್ರಶ್ನೆ ಒಂದೇ: ಮನೋವೈದ್ಯರಿಲ್ಲದ ಹಳ್ಳಿಯಲ್ಲಿ, ಜ್ವರ ಕೆಮ್ಮಿಗೆ ಮದ್ದು ಕೊಡುವ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಮನಸ್ಸಿನ ಕಾಯಿಲೆಗೂ ಮದ್ದು ಕೊಡಬಹುದೇ? ಕೊಡಬಹುದು ಎಂದು ಕಂಡಿತು. ಇದರ ಮೇಲೆಯೇ 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು.

ಆದರೆ ಒಂದು ಹಳ್ಳಿಯಲ್ಲಿ ಆದದ್ದು ಒಂದು ಜಿಲ್ಲೆಯಲ್ಲಿ ಆಗಬೇಕಲ್ಲ? ಅದಕ್ಕೆ ಆರಿಸಿದ್ದು ಬಳ್ಳಾರಿಯನ್ನು. ದೊಡ್ಡ ಜಿಲ್ಲೆ, ಬಿಸಿಲ ನಾಡು, ಬೆಂಗಳೂರಿಗೆ ದೂರ. 1980ರ ದಶಕದ ಮಧ್ಯದಿಂದ ಸುಮಾರು ಐದು ವರ್ಷ ಅಲ್ಲಿ ನಿಮ್ಹಾನ್ಸ್‌ನವರೂ ರಾಜ್ಯದ ಆರೋಗ್ಯ ಇಲಾಖೆಯವರೂ ಕೂಡಿ ಕೆಲಸ ಮಾಡಿದರು. ಡಾ. ಆರ್. ಶ್ರೀನಿವಾಸಮೂರ್ತಿಯವರ ಹೆಸರು ಈ ಇತಿಹಾಸದಲ್ಲಿ ಮತ್ತೆ ಮತ್ತೆ ಬರುತ್ತದೆ. ಮಾಡಿದ್ದು ಏನು? ಬಹಳ ಸರಳ. ಆರೋಗ್ಯ ಕೇಂದ್ರದ ವೈದ್ಯರಿಗೆ ಅಲ್ಪಾವಧಿಯ ತರಬೇತಿ. ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಯರಿಗೆ ರೋಗ ಗುರುತಿಸುವ ಪಾಠ. ಬೆರಳೆಣಿಕೆಯ ಔಷಧಗಳು, ಆದರೆ ಅವು ಯಾವಾಗಲೂ ಕೇಂದ್ರದಲ್ಲಿ ಇರಬೇಕು. ಒಂದು ಸರಳ ದಾಖಲೆ, ತಿಂಗಳಿಗೊಮ್ಮೆ ವರದಿ. ಮೂರ್ಛೆರೋಗವನ್ನೂ ಇದರಲ್ಲೇ ಸೇರಿಸಿದರು, ಏಕೆಂದರೆ ಹಳ್ಳಿಯಲ್ಲಿ ಫಿಟ್ಸ್ ಬರುವವರನ್ನೂ ದೆವ್ವ ಹಿಡಿದವರನ್ನೂ ಜನ ಒಂದೇ ಸಾಲಿನಲ್ಲಿ ನಿಲ್ಲಿಸುತ್ತಿದ್ದರು.

ಇದರ ಮಹತ್ವ ತಿಳಿಯಬೇಕಾದರೆ ರೋಗಿಯ ಮನೆಯವರ ಕಡೆಯಿಂದ ನೋಡಬೇಕು. ಆಗ ಬೆಂಗಳೂರಿಗೆ ಕರೆದುಕೊಂಡು ಹೋಗುವುದೆಂದರೆ ಇಬ್ಬರು ಕೂಲಿ ಬಿಡಬೇಕು, ಬಸ್ಸಿಗೆ ಸಾಲ ಮಾಡಬೇಕು, ಊರವರಿಗೆಲ್ಲ ಗೊತ್ತಾಗಬೇಕು. ಆರೋಗ್ಯ ಕೇಂದ್ರಕ್ಕಾದರೆ ಹಾಗಲ್ಲ. ಮಗುವಿಗೆ ಚುಚ್ಚುಮದ್ದು ಹಾಕಿಸುವವರ ಸಾಲಿನಲ್ಲೇ ನಿಲ್ಲಬಹುದು. ಯಾರೂ ತಿರುಗಿ ನೋಡುವುದಿಲ್ಲ. ಕಾಯಿಲೆ ಎಷ್ಟು ಕಾಡುತ್ತದೋ ನಾಚಿಕೆಯೂ ಅಷ್ಟೇ ಕಾಡುವ ಕಡೆ, ಈ ಸಾಲು ಮದ್ದಿನಷ್ಟೇ ಕೆಲಸ ಮಾಡುತ್ತದೆ.

‘ಬಳ್ಳಾರಿ ಮಾದರಿ’ ಎಂಬ ಹೆಸರು ಹೀಗೆ ಬಂತು. 1996ರಲ್ಲಿ ಕೇಂದ್ರ ಸರ್ಕಾರ ಇದನ್ನೇ ಹಿಡಿದು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ನಾಲ್ಕು ಜಿಲ್ಲೆಗಳಲ್ಲಿ ಆರಂಭಿಸಿತು. ಈಗ ಅದಕ್ಕೆ ಮಂಜೂರಾತಿ ಪಡೆದ ಜಿಲ್ಲೆಗಳು ಏಳುನೂರಕ್ಕೂ ಹೆಚ್ಚು. ಕರ್ನಾಟಕದಲ್ಲಿ ಮನೋಚೈತನ್ಯ ಎಂಬ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ವ್ಯವಸ್ಥೆಯನ್ನೂ ಮಾಡಿದರು.

ಕಾಗದದ ಮೇಲೆ ಏಳುನೂರು, ನೆಲದ ಮೇಲೆ ಎಷ್ಟು ಎಂದು ನೀವು ಕೇಳುತ್ತೀರಿ. ಕೇಳಲೇಬೇಕು. ಮನೋವೈದ್ಯರ ಹುದ್ದೆಗೆ ಜನ ಸಿಗುವುದಿಲ್ಲ, ಸಿಕ್ಕವರು ಗುತ್ತಿಗೆಯ ಮೇಲೆ ಬಂದು ವರ್ಷದೊಳಗೆ ಹೋಗುತ್ತಾರೆ, ಬಂದ ಹಣ ಖರ್ಚಾಗದೆ ಉಳಿಯುತ್ತದೆ ಎಂದು ಅಧ್ಯಯನ ಮಾಡಿದವರು ವರ್ಷಗಳಿಂದ ಬರೆಯುತ್ತಲೇ ಇದ್ದಾರೆ. ಬಳ್ಳಾರಿಯಲ್ಲಿ ತಿಂಗಳು ತಿಂಗಳು ಹಿಂದೆ ಬಿದ್ದು ನೋಡುವವರಿದ್ದರು. ಬೇರೆಡೆಗೆ ಹೋದದ್ದು ಸುತ್ತೋಲೆ. 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡ 10.6 ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಕಾಯಿಲೆಯನ್ನು ನೋಡಿಕೊಂಡು, ಅದಿದ್ದವರಲ್ಲಿ ಶೇಕಡ 70ರಿಂದ 92 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಅದೇ ಸಮೀಕ್ಷೆಯಲ್ಲಿ ನಮಗೆ ಸಂಬಂಧಿಸಿದ ಇನ್ನೊಂದು ಅಂಕಿ ಇದೆ. ಹಳ್ಳಿಗಳಲ್ಲಿ ಶೇಕಡ 6.9, ಮಹಾನಗರಗಳಲ್ಲಿ ಶೇಕಡ 13.5. ಅಂದರೆ ಸುಮಾರು ಎರಡರಷ್ಟು. ಮುಂಬಯಿಯಲ್ಲಿ ಇರುವವರಿಗೆ ಇದಕ್ಕೆ ವ್ಯಾಖ್ಯಾನ ಬೇಕೇ? ಆದರೆ ಬಳ್ಳಾರಿ ಮಾದರಿ ಹುಟ್ಟಿದ್ದು ಹಳ್ಳಿಗಾಗಿ. ಮನೆಮನೆಗೆ ಬರುವ ಆರೋಗ್ಯ ಕಾರ್ಯಕರ್ತೆ ಹೋಟೆಲಿನ ಅಟ್ಟದ ಮೇಲೆ ಹತ್ತು ಜನ ಮಲಗುವ ಕೋಣೆಗೆ ಬರುವುದಿಲ್ಲ. ಕೆ.ಇ.ಎಂ., ನಾಯರ್, ಸಾಯನ್ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ, ಒಳ್ಳೆಯ ವೈದ್ಯರಿದ್ದಾರೆ. ಆದರೆ ಬೆಳಗಿನ ಹೊರರೋಗಿ ವಿಭಾಗದ ಹೊತ್ತಿಗೆ ಹುಡುಗರೆಲ್ಲ ದೋಸೆ ಕಾವಲಿಯ ಮುಂದೆ ಇರುತ್ತಾರೆ. 2024-25ರ ಆರ್ಥಿಕ ಸಮೀಕ್ಷೆ ವಾರಕ್ಕೆ 60 ಗಂಟೆಗಿಂತ ಹೆಚ್ಚು ದುಡಿದರೆ ಆರೋಗ್ಯ ಕೆಡುತ್ತದೆ ಎಂಬ ಮಾತನ್ನು ಎತ್ತಿತು. ಅದು ಹೆಚ್ಚಾಗಿ ಕಂಪ್ಯೂಟರ್ ಮುಂದೆ ಕೂರುವವರ ಚರ್ಚೆಯಾಯಿತು. ದಿನಕ್ಕೆ 12 ಗಂಟೆ ನಿಂತು ಕೆಲಸ ಮಾಡುವವರ ಲೆಕ್ಕ ಯಾರೂ ತೆಗೆಯಲಿಲ್ಲ. ಸರ್ಕಾರದ ನೀತಿಯಲ್ಲಿ ನನಗೆ ದೊಡ್ಡ ಕೊರತೆ ಎನಿಸುವುದು ಇದೇ: ದುಡಿಮೆಯ ಗಂಟೆ, ಮಲಗುವ ಜಾಗ, ಊರಿಗೆ ಹೋಗಲು ರಜೆ, ಇವೆಲ್ಲ ಕಾರ್ಮಿಕ ಇಲಾಖೆಯ ಕಡತದಲ್ಲಿ; ನಿದ್ದೆ ಬಾರದ್ದು ಮಾತ್ರ ಆರೋಗ್ಯ ಇಲಾಖೆಯ ಕಡತದಲ್ಲಿ.

ಇನ್ನು ಕಾನೂನಿನ ಮಾತು. 2001ರ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ಏರ್ವಾಡಿಯಲ್ಲಿ, ಮನೋರೋಗಿಗಳನ್ನು ಇರಿಸಿಕೊಳ್ಳುತ್ತಿದ್ದ ಒಂದು ಗುಡಿಸಲಿಗೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದರಿಂದ ಓಡಲಾಗದೆ 28 ಜನ ಸತ್ತರು. ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಆ ಘಟನೆಯ ನಂತರ ಹದಿನಾರು ವರ್ಷ ಹಿಡಿಯಿತು, ಆದರೆ 2017ರಲ್ಲಿ ಬಂದ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ಹಳೆಯ ಕಾನೂನುಗಳ ದಿಕ್ಕನ್ನೇ ತಿರುಗಿಸಿತು. 2018ರಿಂದ ಜಾರಿಯಲ್ಲಿದೆ. ಯಾರನ್ನು ಒಳಗೆ ಹಾಕಬೇಕು ಎಂಬುದರ ಬದಲು ಕಾಯಿಲೆಯವರಿಗೆ ಏನೇನು ಹಕ್ಕು ಇದೆ ಎಂದು ಅದು ಹೇಳುತ್ತದೆ. ಯಾರನ್ನೂ ಸರಪಳಿಯಲ್ಲಿ ಕಟ್ಟುವಂತಿಲ್ಲ. ಬಡತನದ ರೇಖೆಗಿಂತ ಕೆಳಗಿರುವವರಿಗೆ, ಬಿ.ಪಿ.ಎಲ್. ಕಾರ್ಡ್ ಇರಲಿ ಇಲ್ಲದಿರಲಿ, ಮನೆ ಮಠ ಇಲ್ಲದವರಿಗೂ, ಸರ್ಕಾರಿ ಸಂಸ್ಥೆಗಳಲ್ಲಿ ಚಿಕಿತ್ಸೆ ಉಚಿತ. ಕಾರ್ಡು ಊರಿನ ಮನೆಯಲ್ಲಿ ಅಮ್ಮನ ಟ್ರಂಕಿನಲ್ಲಿ ಇರುವವರು ಈ ಮಾತನ್ನು ಗಮನಿಸಿ. ಆರೋಗ್ಯ ವಿಮೆ ಕೊಡುವ ಕಂಪನಿಗಳು ಮೈಯ ಕಾಯಿಲೆಗೆ ಹೇಗೋ ಮನಸ್ಸಿನ ಕಾಯಿಲೆಗೂ ಹಾಗೆಯೇ ವಿಮೆ ಕೊಡಬೇಕು. ಪಾಲಿಸಿ ಇದ್ದವರು ಇವತ್ತೇ ತೆಗೆದು ಓದಿ.

ಇದೇ ಕಾಯ್ದೆಯ ಎರಡು ಕಲಮುಗಳ ಮೇಲೆ ಸ್ವಲ್ಪ ನಿಲ್ಲುತ್ತೇನೆ. ನಮ್ಮಂಥವರಿಗೆಂದೇ ಬರೆದಂತಿವೆ.

ಒಂದು, 14ನೆಯ ಕಲಮು. ಪ್ರಾಯಕ್ಕೆ ಬಂದ ಯಾರೇ ಆಗಲಿ, ತನ್ನ ಪರವಾಗಿ ನಿಲ್ಲುವ ಒಬ್ಬ ಪ್ರತಿನಿಧಿಯನ್ನು ತಾನೇ ಹೆಸರಿಸಬಹುದು. ಸ್ಟಾಂಪ್ ಪೇಪರ್ ಬೇಡ, ವಕೀಲರು ಬೇಡ. ಬಿಳಿ ಹಾಳೆಯ ಮೇಲೆ ಬರೆದು ಸಹಿ ಮಾಡಿದರೆ, ಇಲ್ಲವೇ ಹೆಬ್ಬೆಟ್ಟು ಒತ್ತಿದರೆ ಸಾಕು. ಹೆಸರಿಸಿದವರು ಒಪ್ಪಿ ಬರೆದುಕೊಡಬೇಕು. ಅವರು ರಕ್ತ ಸಂಬಂಧಿಯೇ ಆಗಬೇಕೆಂದಿಲ್ಲ. ಬೇಡವೆನಿಸಿದಾಗ ಬದಲಿಸಲೂಬಹುದು. ಇದರ ಬೆಲೆ ಗೊತ್ತಾಗಬೇಕಾದರೆ ಹೀಗೆ ಯೋಚಿಸಿ. ಅಪ್ಪ ಅಮ್ಮ ಬೈಂದೂರಿನಲ್ಲೋ ಇಂಡಿಯಲ್ಲೋ ಇದ್ದಾರೆ, ವಯಸ್ಸಾಗಿದೆ, ಹಿಂದಿ ಬಾರದು. ಮಗ ಇಲ್ಲಿ ಕಾಯಿಲೆ ಬಿದ್ದ. ಅವನ ದಿನಚರಿ ಗೊತ್ತಿರುವುದು, ರಾತ್ರಿ ಎದ್ದು ಕೂತದ್ದನ್ನು ಕಂಡಿರುವುದು ಪಕ್ಕದ ಚಾಪೆಯವನಿಗೆ. ಕಾನೂನು ಆ ಪಕ್ಕದ ಚಾಪೆಯವನನ್ನು ಗುರುತಿಸುತ್ತದೆ. ಒಂದು ಹಾಳೆ ಬರೆದಿಟ್ಟಿರಬೇಕು, ಅಷ್ಟೇ. ನಮ್ಮ ಕನ್ನಡ ಸಂಘಗಳು ವರ್ಷಕ್ಕೊಮ್ಮೆ ನಾಟಕ, ಸನ್ಮಾನ ಮಾಡುವ ಜೊತೆಗೆ ಒಂದು ಭಾನುವಾರ ಈ ಹಾಳೆ ಬರೆಸುವ ಕೆಲಸ ಮಾಡಿದರೆ ಹೇಗೆ ಎಂದು ನನಗೆ ಅನಿಸುತ್ತದೆ. ಸನ್ಮಾನಕ್ಕೆ ನನ್ನ ವಿರೋಧವಿಲ್ಲ, ಹಾರ ತುರಾಯಿಯ ಖರ್ಚೂ ಇದಕ್ಕೆ ಬರುವುದಿಲ್ಲ ಎಂದೆ.

ಇನ್ನೊಂದು, 22ನೆಯ ಕಲಮು. ಏನು ಕಾಯಿಲೆ, ಏನು ಚಿಕಿತ್ಸೆ ಎಂಬುದನ್ನು ಕಾಯಿಲೆಯವರಿಗೂ ಅವರ ಪ್ರತಿನಿಧಿಗೂ ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. ತಿಳಿಯುವ ಭಾಷೆಯಲ್ಲಿ! ಈ ಊರಿನಲ್ಲಿ ನಾವು ವ್ಯಾಪಾರವನ್ನು ಹಿಂದಿಯಲ್ಲಿ ಮಾಡುತ್ತೇವೆ, ಜಗಳವನ್ನು ಮರಾಠಿಯಲ್ಲೂ ಆಡುತ್ತೇವೆ. ಆದರೆ ‘ಮಂಡೆಬೆಚ್ಚ’ ಎಂಬುದನ್ನು ಹಿಂದಿಯಲ್ಲಿ ಹೇಳಿ ನೋಡೋಣ. ‘ಜೀವ ಬ್ಯಾಸರಾಗ್ಯದ’ ಎಂದು ವಿಜಾಪುರದವರು ಹೇಳುವುದನ್ನು ‘ಟೆನ್ಶನ್ ಹೈ’ ಎಂದರೆ ಅರ್ಧವೂ ಬರಲಿಲ್ಲ. ಮೂಳೆ ಮುರಿದರೆ ಎಕ್ಸ್-ರೇ ಹೇಳುತ್ತದೆ. ಇಲ್ಲಿ ಹೇಳುವುದು ರೋಗಿಯ ಮಾತು ಒಂದೇ. ಆ ಹುಡುಗ ಹಿಂದಿ ಚೆನ್ನಾಗಿಯೇ ಆಡುತ್ತಿದ್ದಿರಬೇಕು, ಹೋಟೆಲಿನಲ್ಲಿ ಆರ್ಡರ್ ತೆಗೆದುಕೊಳ್ಳುವವನು. ಆದರೂ ಫೋನ್ ಮಾಡಿದ್ದು ಕನ್ನಡ ಬರುವ ಕಡೆಗೆ.

ಇನ್ನೊಂದು ಬದಲಾವಣೆ ದೊಡ್ಡದು. ಪ್ರಾಣ ಕಳೆದುಕೊಳ್ಳಲು ಯತ್ನಿಸಿ ಬದುಕಿ ಉಳಿದವರನ್ನು 1860ರ ದಂಡ ಸಂಹಿತೆಯ 309ನೆಯ ಕಲಮು ಅಪರಾಧಿಗಳೆಂದು ಕರೆಯುತ್ತಿತ್ತು. ಒಂದು ವರ್ಷದವರೆಗೆ ಜೈಲು. ಮನೆಯವರು ಪೊಲೀಸರಿಗೆ ಹೆದರಿ ಏನೋ ಆಕಸ್ಮಿಕ ಎಂದು ಬರೆಸುತ್ತಿದ್ದರು, ಆಸ್ಪತ್ರೆಗೆ ತಡವಾಗಿ ಕರೆದೊಯ್ಯುತ್ತಿದ್ದರು. 2017ರ ಕಾಯ್ದೆಯ 115ನೆಯ ಕಲಮು, ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷೆಯಲ್ಲ, ಚಿಕಿತ್ಸೆ ಕೊಡುವುದು ಸರ್ಕಾರದ ಕರ್ತವ್ಯ ಎಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಕಲಮು ಇಲ್ಲ. ಸರ್ಕಾರಿ ನೌಕರರ ಮೇಲೆ ಒತ್ತಡ ಹೇರಲೆಂದು ಹಾಗೆ ಮಾಡಿದರೆ ಮಾತ್ರ ಅಪರಾಧ. ಆದ್ದರಿಂದ ಯಾರಾದರೂ ಅಂಥ ಸ್ಥಿತಿಯಲ್ಲಿ ಕಂಡರೆ ಕೇಸಿಗೆ ಹೆದರಿ ಹಿಂಜರಿಯಬೇಡಿ, ಮೊದಲು ಆಸ್ಪತ್ರೆಗೆ ನಡೆಯಿರಿ. 2022ರಲ್ಲಿ ದೇಶದಲ್ಲಿ ಹೀಗೆ ಪ್ರಾಣ ಕಳೆದುಕೊಂಡವರು 1,70,924 ಮಂದಿ ಎಂದು ಅಪರಾಧ ದಾಖಲೆಗಳ ಬ್ಯೂರೋ ಹೇಳುತ್ತದೆ. ಅವರಲ್ಲಿ ಕಾಲುಭಾಗಕ್ಕಿಂತ ಹೆಚ್ಚು ದಿನಗೂಲಿಯವರು. ಅದೇ ವರ್ಷ ಸರ್ಕಾರ ಆತ್ಮಹತ್ಯೆ ತಡೆಗೆ ರಾಷ್ಟ್ರೀಯ ಕಾರ್ಯತಂತ್ರ ಪ್ರಕಟಿಸಿ, 2030ರೊಳಗೆ ಈ ಸಾವುಗಳನ್ನು ಶೇಕಡ 10ರಷ್ಟು ಇಳಿಸುವ ಗುರಿ ಇಟ್ಟುಕೊಂಡಿತು. ಗುರಿ ಸಣ್ಣದಾಯಿತೆಂದು ನನಗೆ ಮೊದಲು ಅನಿಸಿತ್ತು. ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 17,000 ಜೀವ.

ಕೊನೆಗೆ, ಆ ರಾತ್ರಿ ನನಗೆ ಗೊತ್ತಿರಬೇಕಾಗಿದ್ದ ಮಾತು. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಎಂಬ ದೂರವಾಣಿ ಸೇವೆ ಶುರುವಾಯಿತು. ಇದಕ್ಕೂ ಕೇಂದ್ರಸ್ಥಾನ ಬೆಂಗಳೂರಿನ ನಿಮ್ಹಾನ್ಸ್. ಸಂಖ್ಯೆ ಒಂದು ನಾಲ್ಕು ನಾಲ್ಕು ಒಂದು ಆರು: 14416. ದೇಶದ ಎಲ್ಲಿಂದ ಬೇಕಾದರೂ, ದಿನದ 24 ಗಂಟೆ, ಹಣ ಕೊಡಬೇಕಿಲ್ಲ. ಕರೆ ಮಾಡಿದರೆ ಭಾಷೆ ಆರಿಸಿಕೊಳ್ಳಲು ಹೇಳುತ್ತದೆ. ಸುಮಾರು 20 ಭಾಷೆಗಳಿವೆ, ಅದರಲ್ಲಿ ಕನ್ನಡವೂ ಇದೆ. ಮೊದಲು ಮಾತನಾಡುವವರು ತರಬೇತಿ ಪಡೆದ ಆಪ್ತ ಸಲಹೆಗಾರರು. ಅಗತ್ಯ ಬಿದ್ದರೆ ತಜ್ಞರಿಗೆ ಜೋಡಿಸುತ್ತಾರೆ, ಹತ್ತಿರದ ಆಸ್ಪತ್ರೆಗೆ ಕಳಿಸುತ್ತಾರೆ. 2025ರ ಹೊತ್ತಿಗೆ 20 ಲಕ್ಷಕ್ಕೂ ಹೆಚ್ಚು ಕರೆಗಳು ಬಂದಿದ್ದವು.

ಫೋನಿನಲ್ಲಿ ಮಾತಾಡಿದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ದೇಶದಲ್ಲಿ ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಪೂರ್ತಿ ಸಿಗುವುದಿಲ್ಲ. ಫೋನು ಅವರ ಸಂಖ್ಯೆಯನ್ನು ಹೆಚ್ಚಿಸಲಾರದು. ಫೋನಿನವರು ಕಳಿಸಿದ ಆಸ್ಪತ್ರೆಯಲ್ಲಿ ಹಾಸಿಗೆ, ಔಷಧ, ಕೇಳುವ ಕಿವಿ ಇರಬೇಕು. ಅದು ಬಳ್ಳಾರಿಯಲ್ಲಿ ತಿಂಗಳು ತಿಂಗಳು ನೋಡಿಕೊಂಡಂತೆ ನೋಡಿಕೊಂಡರೆ ಮಾತ್ರ ಸಾಧ್ಯ. ಆದರೂ ನಡುರಾತ್ರಿ ಎರಡು ಗಂಟೆಗೆ, ಅಟ್ಟದ ಮೇಲೆ, ಉಳಿದವರೆಲ್ಲ ಮಲಗಿರುವಾಗ, ಕನ್ನಡದಲ್ಲಿ ಉತ್ತರ ಕೊಡುವ ಒಂದು ಸಂಖ್ಯೆ ಈಗ ಇದೆ. ನಮ್ಮ ಕಂಟ್ರೋಲ್ ರೂಮಿನಲ್ಲಿ ಫೋನಿನ ಪಕ್ಕದ ಗೋಡೆಗೆ ಅದನ್ನು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೇನೆ. ನೀವೂ ನಿಮ್ಮ ಹೋಟೆಲಿನ ಅಡುಗೆಮನೆಯಲ್ಲಿ, ಸಂಘದ ನೋಟಿಸ್ ಬೋರ್ಡಿನಲ್ಲಿ, ಹುಡುಗರ ರೂಮಿನ ಬಾಗಿಲ ಹಿಂದೆ ಅಂಟಿಸಬಹುದು. ಮಾಲೀಕರು ಕೇಳುತ್ತಿದ್ದರೆ, ದಯವಿಟ್ಟು ಆ ಚೀಟಿ ಕಿತ್ತುಹಾಕಬೇಡಿ.

ಆ ಹುಡುಗ ಮತ್ತೆ ಕರೆ ಮಾಡಲಿಲ್ಲ. ಹೆಸರೂ ಹೇಳಿರಲಿಲ್ಲ. ನನಗೆ ಗೊತ್ತಿರುವುದು ಅವನ ಊರ ಕಡೆಯ ಮಾತು ಮಾತ್ರ. ಈ ಪುಟ ಅವನ ಕೈಗೆ, ಅಥವಾ ಅವನ ಪಕ್ಕದ ಚಾಪೆಯವನ ಕೈಗೆ ಬಂದಿದ್ದರೆ: ತಮ್ಮಾ, ಅವತ್ತು ಅವಸರದಲ್ಲಿ ಫೋನ್ ಇಟ್ಟುಬಿಟ್ಟೆ. ಮೊದಲು 14416ಕ್ಕೆ ಮಾಡು. ಆಮೇಲೆ ನಮಗೂ ಮಾಡು. ಹಾಡು ಬೇಡದಿದ್ದರೂ ಮಾಡು.